ಮಗಳಿಗೆ ಕೊಟ್ಟಿರೋದು ಕೊಲೆಸ್ಟ್ರಾಲ್ ಔಷಧಿಯಂತೆ! ಇನ್ನು ಹೊಸದೊಂದರ ಪರೀಕ್ಷೆಗೂ ಸೇರಿಸಬೇಕಾ?

ಹೊಸನಗರದ ಅಮ್ಮ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನನ್ನ ಮಗಳಿಗೆ ಐದು ವರ್ಷ. ಹುಟ್ಟಿ ಮೂರು ತಿಂಗಳಾದರೂ ಕಾಮಾಲೆ ಇಳಿದಿರಲಿಲ್ಲ. ಊರಿಂದ ಶಿವಮೊಗ್ಗ, ಅಲ್ಲಿಂದ ಬೆಂಗಳೂರು ಅಂತ ಅಲೆದು ಕೊನೆಗೆ ಅಲಗಿಲ್ ಸಿಂಡ್ರೋಮ್ ಅಂತ ಹೆಸರು ಸಿಕ್ಕಿತು. ಲಿವರ್ ಒಳಗೆ ಪಿತ್ತನಾಳಗಳು ಇರಬೇಕಾದಷ್ಟು ಇಲ್ಲ. ಪಿತ್ತ ಹೊರಗೆ ಹರಿಯದೆ ರಕ್ತಕ್ಕೆ ಸೇರುತ್ತೆ.

ಅದಕ್ಕಿಂತ ಕಷ್ಟ ಅಂದ್ರೆ ತುರಿಕೆ. ಸೊಳ್ಳೆ ಕಚ್ಚಿದ ತುರಿಕೆಯಲ್ಲ, ಚರ್ಮದ ಒಳಗಿನಿಂದ ಬರುವಂಥದ್ದು. ರಾತ್ರಿ ಅವಳ ಕೈಗೆ ನಮ್ಮ ಯಜಮಾನರ ಕಾಲುಚೀಲ ಹಾಕಿ ಮೊಣಕೈ ಹತ್ತಿರ ಟೇಪ್ ಸುತ್ತುತ್ತೇನೆ. ಬೆಳಿಗ್ಗೆ ನೋಡಿದರೆ ಚೀಲದ ತುದಿ ತೂತಾಗಿ ಉಗುರು ಹೊರಗೆ ಬಂದಿರುತ್ತೆ, ದಿಂಬಿನ ಕವರಲ್ಲಿ ರಕ್ತದ ಗೆರೆ. ಈ ಮಳೆಯಲ್ಲಿ ಒಗೆದ ಚೀಲ ಒಣಗುವುದೂ ಇಲ್ಲ. ಬಚ್ಚಲು ಒಲೆ ಮೇಲೆ ತಂತಿ ಕಟ್ಟಿ ಹನ್ನೆರಡು ಜೊತೆ ನೇತು ಹಾಕಿದ್ದೇನೆ.

ಹೋದ ತಿಂಗಳು ಡಾಕ್ಟರು ಒಂದು ಪುಡಿ ಬರೆದುಕೊಟ್ಟರು, ಕೊಲೆಸ್ಟಿರಮೈನ್ ಅಂತ. ಮೆಡಿಕಲ್ ಶಾಪಿನವನು "ಇದು ಕೊಲೆಸ್ಟ್ರಾಲ್ ಪುಡಿ ಅಲ್ವಾ, ಯಾರಿಗೆ?" ಅಂದ. ಜೊತೆಗೆ ಅತ್ತೆ ಇದ್ದರು. ಅಲ್ಲಿಂದ ಮನೆಯಲ್ಲಿ ಶುರು. ಮಗುವಿನ ರಿಪೋರ್ಟಿನಲ್ಲೂ ಕೊಲೆಸ್ಟ್ರಾಲ್ ಸಿಕ್ಕಾಪಟ್ಟೆ ಜಾಸ್ತಿ ಇದೆ. ಬೆರಳ ಗಂಟಿನ ಮೇಲೆ, ಮೊಣಕಾಲ ಹಿಂದೆ ಹಳದಿ ಗುಳ್ಳೆ ಎದ್ದಿವೆ. "ನೀನೇ ಬೆಣ್ಣೆ ತಿನ್ನಿಸಿ ತಿನ್ನಿಸಿ ಹೀಗೆ ಮಾಡಿದ್ದು" ಅಂತ ನಾದಿನಿ. ಹದಿಮೂರು ಕಿಲೋ ತೂಗುವ ಮಗುವಿಗೆ!

ಈಗ ಡಾಕ್ಟರು ಇನ್ನೊಂದು ಮಾತು ತೆಗೆದಿದ್ದಾರೆ. ಇದೇ ದಾರಿಯ ಹೊಸ ಔಷಧಿಗಳಿವೆ, ಮಕ್ಕಳ ಮೇಲಿನ ಪರೀಕ್ಷೆ ಇಲ್ಲಿ ಶುರುವಾದರೆ ನಿಮ್ಮ ಹೆಸರು ಬರೆದುಕೊಳ್ಳಲಾ ಅಂತ. ಯಜಮಾನರು ಸುಮ್ಮನಿದ್ದಾರೆ. ಅತ್ತೆ "ನನ್ನ ಮೊಮ್ಮಗಳೇನು ಇಲಿಯಾ?" ಅಂತಾರೆ. ನನಗೆ ಏನೂ ತೋಚುತ್ತಿಲ್ಲ. ಗೊತ್ತಿರೋರು ಹೇಳಿ.

ಅಡಿಕೆ ಮಂಡಿ:
ಅತ್ತೆಯವರು ಸರಿಯಾಗೇ ಕೇಳಿದ್ದಾರೆ. ಪ್ರಯೋಗ ಮಾಡೋಕೆ ಇವರಿಗೆ ನಮ್ಮ ಮಕ್ಕಳೇ ಸಿಕ್ಕಿದ್ರಾ? ಖಂಡಿತ ಬೇಡ ತಂಗಿ.

ತುಂಗೆ ದಡ:
ನಮ್ಮ ಮಾವನವರು ರಾತ್ರಿ ಊಟ ಆದ್ಮೇಲೆ ಕೊಲೆಸ್ಟ್ರಾಲಿಗೆ ಅಟೋರ್ವಾಸ್ಟಾಟಿನ್ ತಗೋತಾರೆ. ಅದೇನಾ ಇದು? ಅದು ಲಿವರಿಗೆ ಒಳ್ಳೇದಲ್ಲ ಅಂತ ಕೇಳಿದ್ದೆ.

ತೀರ್ಥಹಳ್ಳಿ ಮೆಡಿಕಲ್ಸ್:
ಅಲ್ಲ ಸಾರ್. ಕೊಲೆಸ್ಟ್ರಾಲ್ ಔಷಧಿ ಅಂದರೆ ಒಂದೇ ಜಾತಿ ಅಲ್ಲ. ನಿಮ್ಮ ಮಾವನವರದ್ದು ಸ್ಟಾಟಿನ್. ಅದು ಲಿವರಲ್ಲಿ ಕೊಲೆಸ್ಟ್ರಾಲ್ ತಯಾರಾಗುವುದನ್ನೇ ತಗ್ಗಿಸುತ್ತೆ. ಕೊಲೆಸ್ಟಿರಮೈನ್ ರಕ್ತಕ್ಕೇ ಹೋಗಲ್ಲ. ಕರುಳಿನಲ್ಲಿ ಇದ್ದುಕೊಂಡು ಪಿತ್ತದ ಆಮ್ಲಗಳನ್ನು ಅಂಟಿಸಿಕೊಂಡು ಮಲದ ಜೊತೆ ಹೊರಗೆ ಹೋಗುತ್ತೆ, ಅಷ್ಟೇ ಅದರ ಕೆಲಸ. ಅಂಗಡಿಯಲ್ಲಿ ನಿಂತು "ಕೊಲೆಸ್ಟ್ರಾಲ್ ಪುಡಿ" ಅಂದವನು ಪೂರ್ತಿ ಸುಳ್ಳು ಹೇಳಿಲ್ಲ. ಆದರೆ ಮಗು ಎದುರಿಗಿರುವಾಗ ಸ್ವಲ್ಪ ವಿಚಾರಿಸಿ ಮಾತಾಡಬಹುದಿತ್ತು.

ಅಮ್ಮಾ, ಒಂದು ಮಾತು ಮರೀಬೇಡಿ. ಈ ಪುಡಿ ಎದುರಿಗೆ ಸಿಕ್ಕ ಬೇರೆ ಔಷಧಿಯನ್ನೂ ಅಂಟಿಸಿಕೊಳ್ಳುತ್ತೆ. ಬೇರೆ ಮಾತ್ರೆ, ವಿಟಮಿನ್ ಏನಿದ್ದರೂ ಪುಡಿಗೆ ಒಂದು ಗಂಟೆ ಮುಂಚೆ ಕೊಡಿ, ಇಲ್ಲವಾದರೆ ನಾಲ್ಕರಿಂದ ಆರು ಗಂಟೆ ಬಿಟ್ಟು. ಒಣ ಪುಡಿ ಬಾಯಿಗೆ ಹಾಕಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ.

ಸಾಗರದವಳು:
ಮೇಲಿನ ಮಾತನ್ನು ಗೋಡೆಗೆ ಅಂಟಿಸಿ. ನಾನು ಎರಡು ತಿಂಗಳು ವಿಟಮಿನ್ ಹನಿಯನ್ನೂ ಪುಡಿಯನ್ನೂ ಒಂದೇ ಲೋಟಕ್ಕೆ ಹಾಕಿ ಕೊಟ್ಟಿದ್ದೆ. ಕೆಲಸ ಸುಲಭ ಆಗಲಿ ಅಂತ. ಮಗನಿಗೆ ಹಲ್ಲುಜ್ಜುವಾಗ ಒಸಡಲ್ಲಿ ರಕ್ತ, ಸುಮ್ನೆ ಮುಟ್ಟಿದರೂ ನೀಲಿ ಕಲೆ. ವಿಟಮಿನ್ ಕೆ ಮೈಗೇ ಹತ್ತಿರಲಿಲ್ಲ. ತಪ್ಪು ನನ್ನದೇ, ಚೀಟಿಯಲ್ಲಿ ಬರೆದಿತ್ತು.

ಮಕ್ಕಳ ವಾರ್ಡು:
ನಾನು ಮಕ್ಕಳ ವಿಭಾಗದಲ್ಲಿ ಪಿಜಿ ಮಾಡುತ್ತಿದ್ದೇನೆ, ಊರು ಕೊಪ್ಪ. ಎಲ್ಲಿ ಓದುತ್ತಿದ್ದೇನೆ ಅಂತ ಕೇಳಬೇಡಿ. ನಿಮ್ಮ ಡಾಕ್ಟರ ಮಾತಿಗೆ ಇದು ಬದಲಿ ಅಲ್ಲ.

ಮೊದಲು ಆ ಬೆಣ್ಣೆ ವಿಚಾರ. ನಿಮ್ಮ ನಾದಿನಿಗೆ ಹೇಳಿ, ಈ ಕೊಲೆಸ್ಟ್ರಾಲ್ ಬೆಣ್ಣೆಯಿಂದ ಬಂದದ್ದಲ್ಲ. ಮೈಯಲ್ಲಿರುವ ಕೊಲೆಸ್ಟ್ರಾಲ್ ಹೊರಗೆ ಹೋಗುವ ದೊಡ್ಡ ದಾರಿಯೇ ಪಿತ್ತ. ಆ ದಾರಿ ಕಟ್ಟಿಕೊಂಡರೆ ಅದು ರಕ್ತದಲ್ಲೇ ತುಂಬುತ್ತೆ. ಅಲಗಿಲ್ ಮಕ್ಕಳಲ್ಲಿ ಬರುವ ಆ ಹಳದಿ ಗುಳ್ಳೆ ಕೂಡ ಅದೇ ಕೊಬ್ಬು. ಬಹಳ ಮಕ್ಕಳಲ್ಲಿ ಜೆಎಜಿ1 ಅನ್ನೋ ಜೀನಿನ ದೋಷ ಇರುತ್ತೆ, ಕೆಲವರಲ್ಲಿ ನಾಚ್2. ಅಡುಗೆಮನೆಗೂ ಅದಕ್ಕೂ ಸಂಬಂಧ ಇಲ್ಲ. ಇಂಥ ಮಕ್ಕಳು ತೂಕ ಏರಲ್ಲ, ಅವರಿಗೆ ಊಟದಲ್ಲಿ ಜಾಸ್ತಿ ಶಕ್ತಿ ಬೇಕು. ಕೊಲೆಸ್ಟ್ರಾಲ್ ಹೆದರಿಕೆಗೆ ಊಟ ಕಡಿಮೆ ಮಾಡಬೇಡಿ.

ಇನ್ನು ಔಷಧಿ. ಲಿವರ್ ಕೊಲೆಸ್ಟ್ರಾಲಿನಿಂದಲೇ ಪಿತ್ತದ ಆಮ್ಲ ತಯಾರಿಸುತ್ತೆ. ಆ ಆಮ್ಲದ ನೂರಕ್ಕೆ ತೊಂಬತ್ತೈದು ಭಾಗ ಸಣ್ಣ ಕರುಳಿನ ಕೊನೆಯಲ್ಲಿ ಹೀರಿಕೊಂಡು ವಾಪಸ್ ಲಿವರಿಗೇ ಬರುತ್ತೆ. ಕರುಳಿನಲ್ಲೇ ಅದನ್ನು ಹಿಡಿದು ಹೊರಗೆ ಹಾಕಿದರೆ ಲಿವರ್ ಹೊಸದು ಮಾಡಬೇಕು, ಅದಕ್ಕೆ ರಕ್ತದ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತೆ. ದೊಡ್ಡವರಿಗೆ ಇದು ಕೊಲೆಸ್ಟ್ರಾಲ್ ಔಷಧಿ ಆಗಿದ್ದು ಹೀಗೆ. ಮಗುವಿನ ವಿಷಯದಲ್ಲಿ ಡಾಕ್ಟರು ನೋಡುತ್ತಿರೋದು ಅದರ ಇನ್ನೊಂದು ಮುಖ. ಮೈಯಲ್ಲಿ ನಿಂತ ಪಿತ್ತದ ಆಮ್ಲ ಕಡಿಮೆಯಾದರೆ ತುರಿಕೆ ಇಳಿಯಬಹುದು.

ಅಡಿಕೆ ಮಂಡಿ:
ಬಸಿಗಾಲುವೆ ಕಟ್ಟಿಕೊಂಡ ತೋಟದ ಹಾಗೆ ಅನ್ನಿ. ನೀರು ಹೋಗೋಕೆ ದಾರಿ ಇಲ್ಲದೆ ಬುಡ ಕೊಳೆಯುತ್ತೆ.

ಮಕ್ಕಳ ವಾರ್ಡು:
ಹೌದು, ಹಾಗೇ. ಕಾಲುವೆ ತೋಡೋಕೆ ಆಗಲ್ಲ, ಹಾಗಾಗಿ ಒಳಗೆ ಬರುವ ನೀರನ್ನೇ ಕಡಿಮೆ ಮಾಡ್ತೀವಿ.

ನೆಲನೆಲ್ಲಿ:
ಇಷ್ಟೆಲ್ಲ ಯಾಕೆ? ನಮ್ಮ ಅಜ್ಜಿ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಏಳು ದಿನ ಕೊಟ್ಟರೆ ಕಾಮಾಲೆ ಓಡಿಹೋಗ್ತಿತ್ತು. ನಾನೇ ಸಾಕ್ಷಿ.

ಸಾಗರದವಳು:
ನಿಮ್ಮ ಕಾಮಾಲೆ ನೀರಿನಿಂದ ಬಂದ ಸೋಂಕಿನದ್ದಿರಬೇಕು. ಅದು ಬಹುತೇಕ ತಾನಾಗಿಯೇ ಇಳಿಯುತ್ತೆ. ಅಜ್ಜಿಗೆ ಹೆಸರು ಬಂತು.

ನನಗೆ ಈ ವಿಷಯದಲ್ಲಿ ಕೋಪ ಬರುತ್ತೆ, ಕ್ಷಮಿಸಿ. ನನ್ನ ಮಗನದ್ದು ಬೇರೆ ಕಾಯಿಲೆ, ಬಿಲಿಯರಿ ಅಟ್ರೀಸಿಯಾ. ಲಿವರಿನಿಂದ ಹೊರಗೆ ಬರುವ ಪಿತ್ತನಾಳವೇ ಮುಚ್ಚಿಹೋಗುವಂಥದ್ದು. ಹುಟ್ಟಿದ ಮೂರನೇ ವಾರಕ್ಕೆ ಮಲ ಸುಣ್ಣದ ನೀರಿನ ಬಣ್ಣಕ್ಕೆ ತಿರುಗಿತ್ತು. ಯಾರೂ ಅದೇನೆಂದು ಹೇಳಲಿಲ್ಲ. ನಾಟಿ ಔಷಧಿ ಆಯ್ತು, ಒಬ್ಬರು ಹೊಟ್ಟೆಗೆ ಬರೆ ಹಾಕಿದರು. ಆ ಗುರುತು ಈಗಲೂ ಇದೆ, ಹೊಕ್ಕುಳ ಮೇಲೆ ಎರಡು ಗೆರೆ. ಕಸಾಯ್ ಆಪರೇಷನ್ ಆಗುವ ಹೊತ್ತಿಗೆ 74 ದಿನ. 60 ದಿನದ ಒಳಗೆ ಮಾಡಿದರೆ ಒಳ್ಳೆಯದು ಅಂತ ಆಮೇಲೆ ಗೊತ್ತಾಯಿತು. ಎರಡು ವರ್ಷಕ್ಕೆ ಲಿವರ್ ಕಸಿ ಮಾಡಿಸಬೇಕಾಯಿತು, ಅವರಪ್ಪನೇ ಕೊಟ್ಟರು. ಈಗ ಒಂಬತ್ತು ವರ್ಷ, ಸೈಕಲ್ ಹೊಡೀತಾನೆ.

ಯಾರ ಮನೆಯಲ್ಲಾದರೂ ಹಸುಗೂಸಿನ ಮಲ ಬಿಳಚಿಕೊಂಡಿದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ತೈವಾನಿನಲ್ಲಿ 2004ರಿಂದ ಬಾಣಂತಿಯರ ಕೈಗೆ ಮಲದ ಬಣ್ಣದ ಕಾರ್ಡೇ ಕೊಡ್ತಾರಂತೆ.

ತುಂಗೆ ದಡ:
ಕಷಾಯ ಆಪರೇಷನ್ ಅಂದ್ರೆ? ಕಷಾಯ ಕುಡಿಸಿ ಮಾಡೋದಾ?

ಸಾಗರದವಳು:
ಅಯ್ಯೋ ಮಾರಾಯ್ರೆ! ಕಸಾಯ್. ಕರುಳನ್ನೇ ಲಿವರಿಗೆ ಜೋಡಿಸಿ ಪಿತ್ತಕ್ಕೆ ದಾರಿ ಮಾಡೋದು. 1950ರ ದಶಕದಲ್ಲಿ ಅದನ್ನು ಕಂಡುಹಿಡಿದ ಜಪಾನಿನ ಸರ್ಜನ್ ಹೆಸರು. ನಮ್ಮತ್ತೆಯೂ ಇದನ್ನೇ ಕೇಳಿದ್ದರು, "ಕಷಾಯಕ್ಕೆ ಎಂತಕ್ಕೆ ಅಷ್ಟು ದುಡ್ಡು" ಅಂತ.

ಮಕ್ಕಳ ವಾರ್ಡು:
ಗೊಂದಲ ಬೇಡ ಅಂತ ಹೇಳ್ತೀನಿ. ಅಲಗಿಲ್ ಮಕ್ಕಳಿಗೆ ಕಸಾಯ್ ಉಪಯೋಗಕ್ಕೆ ಬರಲ್ಲ. ಎರಡಕ್ಕೂ ಕಾಮಾಲೆ ಅಂತಲೇ ಕರೆದರೂ ಒಳಗಿನ ಕಥೆ ಬೇರೆ ಬೇರೆ.

ಕಾಡುಹಾದಿ:
ಪರೀಕ್ಷೆ ವಿಷಯಕ್ಕೆ ಬರೋಣ. ನಮ್ಮ ಕಡೆಯವರಿಗೆ ಅನುಮಾನ ಸುಮ್ನೆ ಬಂದದ್ದಲ್ಲ. ಸಾಗರದ ಹತ್ತಿರದ ಹಂದಿಗೋಡು ನೋಡಿ. 1970ರ ದಶಕದಿಂದ ಅಲ್ಲಿ ಸೊಂಟ, ಮಂಡಿ ಸವೆದು ಜನ ನಡೆಯಲಾರದೆ ಕೂತರು. ತಂಡದ ಮೇಲೆ ತಂಡ ಬಂತು. ರಕ್ತ ತೆಗೆದರು, ಎಕ್ಸ್‌ರೇ ತೆಗೆದರು. ವಂಶದಲ್ಲಿ ಬರುವ ಕಾಯಿಲೆ ಅಂತ ಗೊತ್ತಾಯಿತು, ಅದಕ್ಕೆ ಊರಿನ ಹೆಸರನ್ನೇ ಇಟ್ಟರು. ಗುಣ ಮಾಡುವ ಔಷಧಿ ಮಾತ್ರ ಬರಲಿಲ್ಲ. ಜೀಪು ಬಂದರೆ ಮತ್ತೆ ರಕ್ತ ತೆಗೆಯೋಕೆ ಬಂದರು ಅಂತ ಜನ ಅಂದರೆ ತಪ್ಪೇನು?

ಅಡಿಕೆ ಮಂಡಿ:
ಹಾಗೆ ಹೇಳಿ. ಮಂಗನ ಕಾಯಿಲೆಯೂ ಅಷ್ಟೇ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಲ್ಲಿ ಸಿಕ್ಕಿತು. ಎಷ್ಟೋ ವರ್ಷ ಲಸಿಕೆ ಚುಚ್ಚಿದರು, ಆಮೇಲೆ ಅದರ ಶಕ್ತಿ ಸಾಲದು ಅಂತ ನಿಲ್ಲಿಸಿದರು. ಚುಚ್ಚಿಸಿಕೊಂಡ ನಾವೇನು ದಡ್ಡರಾ?

ಮಕ್ಕಳ ವಾರ್ಡು:
ಶಕ್ತಿ ಸಾಲದು ಅಂತ ಗೊತ್ತಾಗಿದ್ದು ಹೇಗೆ ಸಾರ್? ಯಾರೋ ಕೂತು ಲೆಕ್ಕ ಹಾಕಿದ್ದರಿಂದಲೇ ಅಲ್ವಾ.

ಹಂದಿಗೋಡಿನ ಮಾತು ಒಪ್ಪುತ್ತೇನೆ. ಆದರೆ ಪರೀಕ್ಷೆ ಬೇಡ ಅಂದರೆ ಏನಾಗುತ್ತೆ ಅಂತಲೂ ನೋಡಿ. ಡಾಕ್ಟರು ದೊಡ್ಡವರ ಮಾತ್ರೆ ಅರ್ಧ ಮಾಡಿ, ಪುಡಿ ಮಾಡಿ, ಅಂದಾಜಿನ ಮೇಲೆ ಮಗುವಿಗೆ ಕೊಡ್ತಾರೆ. ಅದೂ ಪ್ರಯೋಗವೇ, ಪುಸ್ತಕದಲ್ಲಿ ಬರೆದಿಡಲ್ಲ ಅಷ್ಟೆ. ಮಗುವಿನ ಲಿವರ್ ದೊಡ್ಡವರ ಲಿವರಿನ ಚಿಕ್ಕ ಸೈಜ್ ಅಲ್ಲ. ಕ್ಲೋರಾಂಫೆನಿಕಾಲ್ ದೊಡ್ಡವರಿಗೆ ಒಳ್ಳೆಯ ಔಷಧಿ ಆಗಿತ್ತು. ಹಸುಗೂಸುಗಳಿಗೆ ಕೊಟ್ಟಾಗ ಮೈ ಬೂದಿ ಬಣ್ಣಕ್ಕೆ ತಿರುಗಿ ಎಷ್ಟೋ ಮಕ್ಕಳು ಸತ್ತವು. 1959ರಲ್ಲಿ ಅದು ವೈದ್ಯರಿಗೆ ಸ್ಪಷ್ಟವಾಯಿತು. ಅವುಗಳ ಲಿವರಿಗೆ ಅದನ್ನು ಕರಗಿಸುವ ಶಕ್ತಿ ಇನ್ನೂ ಬಂದಿರಲಿಲ್ಲ.

ಮುರುಗಲು:
ಚರ್ಚೆ ಜೋರಾಗಿದೆ, ಮಧ್ಯೆ ಬಾಯಿ ಹಾಕ್ತೀನಿ. ಆ ಪುಡಿಯನ್ನು ಮಗು ಕುಡೀತಾಳಾ? ನನ್ನ ಅಣ್ಣನ ಮಗ ಮರಳು ಮರಳು ಅಂತ ಉಗುಳುತ್ತಿದ್ದ.

ಹೊಸನಗರದ ಅಮ್ಮ:
ಅದೇ ಕಥೆ ಅಕ್ಕ. ಹೊಳೆ ಮರಳು ಅಂತಾಳೆ. ಮೂರು ಸಲ ನನ್ನ ಸೀರೆ ಮೇಲೆ ಉಗುಳಿದ್ದಾಳೆ.

ಮುರುಗಲು:
ಮುರುಗಲು ಹಣ್ಣಿನ ಪಾನಕ ಮಾಡಿ. ಸಿಪ್ಪೆ ನೆನೆಹಾಕಿ ಸೋಸಿ, ಬೆಲ್ಲ ಸ್ವಲ್ಪ ಜಾಸ್ತಿ. ಪುಡಿ ಹಾಕಿ ಎರಡು ನಿಮಿಷ ಹಾಗೇ ಬಿಡಿ, ಆಮೇಲೆ ಚೆನ್ನಾಗಿ ಕಲಸಿ. ಕೆಂಪು ಬಣ್ಣಕ್ಕೆ ಪುಡಿ ಕಾಣಿಸಲ್ಲ. ತಳದಲ್ಲಿ ಉಳಿದರೆ ಮತ್ತೆ ಸ್ವಲ್ಪ ಪಾನಕ ಹಾಕಿ ಕುಡಿಸಿ. ನಮ್ಮವನು ಸ್ಟ್ರಾ ಇದ್ದರೆ ಮಾತ್ರ ಕುಡೀತಿದ್ದ.

ಗೋಪಾಳದವನು:
ಬೆಣ್ಣೆ ಬೇಡ, ಕೊಬ್ಬರಿ ಎಣ್ಣೆ ಕೊಡಿ. ಅದಕ್ಕೆ ಪಿತ್ತವೇ ಬೇಡ, ನೇರ ಜೀರ್ಣ ಆಗುತ್ತೆ.

ತುಂಗೆ ದಡ:
ಕೊಬ್ಬರಿ ಎಣ್ಣೆಯಿಂದ ಹಾರ್ಟ್ ಅಟ್ಯಾಕ್ ಆಗುತ್ತೆ ಅಂತ ನೀವೇ ಹೋದ ತಿಂಗಳು ಇಲ್ಲಿ ಬರೆದಿದ್ರಿ.

ಗೋಪಾಳದವನು:
ಅದು ಬೇರೆ ಚರ್ಚೆ.

ಮಕ್ಕಳ ವಾರ್ಡು:
ಅರ್ಧ ಸತ್ಯ. ಪಿತ್ತ ಇಲ್ಲದೆಯೂ ಮೈಗೆ ಹತ್ತುವ ಒಂದು ಬಗೆಯ ಕೊಬ್ಬಿದೆ, ಎಂಸಿಟಿ ಅಂತಾರೆ. ಕೊಬ್ಬರಿ ಎಣ್ಣೆಯಲ್ಲಿ ಅದು ಸ್ವಲ್ಪ ಭಾಗ ಮಾತ್ರ. ಈ ಮಕ್ಕಳಿಗೆ ಅದನ್ನೇ ಬೇರ್ಪಡಿಸಿದ ಎಣ್ಣೆ ಬರೆದುಕೊಡ್ತಾರೆ. ಎಷ್ಟು ಚಮಚ ಅಂತ ಅವರೇ ಹೇಳಲಿ.

ಕಾಡುಹಾದಿ:
ಆ ಹೊಸ ಔಷಧಿ ಯಾವುದು? ಅದರ ಮೇಲೆ ಈಗಾಗಲೇ ಪರೀಕ್ಷೆ ಆಗಿಲ್ವಾ?

ಮಕ್ಕಳ ವಾರ್ಡು:
ಆಗಿದೆ. ಅದರದ್ದೊಂದು ತಮಾಷೆಯ ಕಥೆ. ಮರಾಲಿಕ್ಸಿಬ್ಯಾಟ್ ಅಂತ ಒಂದಿದೆ. ಅದನ್ನು ಮೊದಲು ತಯಾರಿಸಿದ್ದು ದೊಡ್ಡವರ ಕೊಲೆಸ್ಟ್ರಾಲಿಗೆ ಅಂತಲೇ. ಕರುಳಿನ ಕೊನೆಯಲ್ಲಿ ಪಿತ್ತದ ಆಮ್ಲ ಹೀರಿಕೊಳ್ಳುವ ಬಾಗಿಲನ್ನು ಅದು ಮುಚ್ಚುತ್ತೆ. ಆ ಕೆಲಸಕ್ಕೆ ಅದು ಬಳಕೆಗೆ ಬರಲೇ ಇಲ್ಲ, ಸ್ಟಾಟಿನ್‌ಗಳ ಮುಂದೆ ಅದಕ್ಕೆ ಜಾಗ ಸಿಗಲಿಲ್ಲ. ಆಮೇಲೆ ಪಿತ್ತ ನಿಂತು ತುರಿಸುವ ಮಕ್ಕಳಿಗೆ ಆಗಬಹುದಾ ಅಂತ ಹೊರಟರು.

ಅಲಗಿಲ್ ಮಕ್ಕಳ ಒಂದು ಪರೀಕ್ಷೆ 2021ರಲ್ಲಿ ಪ್ರಕಟವಾಯಿತು. ಇದ್ದದ್ದು 31 ಮಕ್ಕಳು. ಅಪರೂಪದ ಕಾಯಿಲೆ ಅಂದರೆ ಹಾಗೇ, ಸಾವಿರ ಜನ ಎಲ್ಲಿಂದ ತರೋದು? ಆದ್ದರಿಂದ ಪರೀಕ್ಷೆಯ ರೀತಿಯನ್ನೇ ಬೇರೆ ಮಾಡಿದರು. ಮೊದಲ 18 ವಾರ ಎಲ್ಲ ಮಕ್ಕಳಿಗೂ ನಿಜವಾದ ಔಷಧಿ. ಆಮೇಲೆ 4 ವಾರ ಮಾತ್ರ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಔಷಧಿ, ಇನ್ನೊಂದಕ್ಕೆ ಔಷಧಿ ಇಲ್ಲದ ಹುಸಿ ದ್ರವ. ಹುಸಿ ಸಿಕ್ಕ ಮಕ್ಕಳಿಗೆ ತುರಿಕೆ ಮರಳಿ ಬಂತು. ನಂತರ ಮತ್ತೆ ಎಲ್ಲರಿಗೂ ಔಷಧಿ. ತುರಿಕೆ ಎಷ್ಟು ಅಂತ ಅಂಕ ಹಾಕಿದ್ದು ಯಂತ್ರವಲ್ಲ, ದಿನಕ್ಕೆ ಎರಡು ಸಲ ಮನೆಯವರೇ ಬರೆದಿದ್ದು. ಅದೇ ವರ್ಷ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇದೇ ಜಾತಿಯ ಓಡೆವಿಕ್ಸಿಬ್ಯಾಟ್‌ಗೂ ಅದೇ ವರ್ಷ, ಅದು ಪಿಎಫ್ಐಸಿ ಅನ್ನೋ ಇನ್ನೊಂದು ಕಾಯಿಲೆಗೆ.

ಅಡಿಕೆ ಮಂಡಿ:
ಹುಸಿ ಔಷಧಿ ಕೊಟ್ಟು ಮಗು ತುರಿಸಿಕೊಳ್ಳೋದನ್ನು ನಾಲ್ಕು ವಾರ ನೋಡ್ತಾ ಕೂತರಾ? ಇದನ್ನು ಹೆಮ್ಮೆಯಿಂದ ಬೇರೆ ಹೇಳ್ತೀರಿ.

ಮಕ್ಕಳ ವಾರ್ಡು:
ಹೆಮ್ಮೆ ಅಲ್ಲ. ನಾಲ್ಕು ವಾರ ಕಡಿಮೆ ಏನೂ ಅಲ್ಲ, ಆ ಮನೆಯವರಿಗೆ ನರಕವೇ. ಆದರೆ ಅದಕ್ಕೂ ಹಿಂದೆ 37 ಮಕ್ಕಳ ಮೇಲೆ 13 ವಾರದ ಇನ್ನೊಂದು ಪರೀಕ್ಷೆ ಆಗಿತ್ತು. ಅದರಲ್ಲಿ ಉತ್ತರ ಅಷ್ಟು ನಿಚ್ಚಳವಾಗಿರಲಿಲ್ಲ. ಹೊಸ ಔಷಧಿ ಅಂದ ಕೂಡಲೇ ಅಪ್ಪ ಅಮ್ಮನಿಗೆ ಆಸೆ ಹುಟ್ಟುತ್ತೆ, ಆ ಆಸೆಗೇ ತುರಿಕೆ ಕಡಿಮೆ ಕಂಡಂತೆ ಆಗುತ್ತೆ. ಅದನ್ನು ಬೇರೆ ಮಾಡೋದು ಹೇಗೆ? ಇದಕ್ಕಿಂತ ಒಳ್ಳೆಯ ದಾರಿ ನಿಮಗೆ ಗೊತ್ತಿದ್ದರೆ ಹೇಳಿ, ನಿಜವಾಗಿ ಕೇಳ್ತಿದ್ದೇನೆ.

ಅಡ್ಡಪರಿಣಾಮವೂ ಇದೆ. ಭೇದಿ, ಹೊಟ್ಟೆನೋವು. ಕೊಬ್ಬಿನಲ್ಲಿ ಕರಗುವ ವಿಟಮಿನ್‌ಗಳ ಮೇಲೆ ಕಣ್ಣಿಟ್ಟಿರಬೇಕು.

ಒಳ್ಳೆಯದೇ ಮಾಡುತ್ತೆ ಅಂತ ನಂಬಿ ಕೂರಬಾರದು ಅನ್ನೋಕೆ ಇನ್ನೊಂದು ಉದಾಹರಣೆ. ಅರ್ಸೋಡಿಆಕ್ಸಿಕೋಲಿಕ್ ಆಮ್ಲ ಅನ್ನೋ ಮಾತ್ರೆ ಲಿವರ್ ಕಾಯಿಲೆಯವರ ಚೀಟಿಯಲ್ಲಿ ಸಾಮಾನ್ಯ. ಪಿಎಸ್‌ಸಿ ಅನ್ನೋ ಪಿತ್ತನಾಳದ ಕಾಯಿಲೆ ಇರುವ 150 ದೊಡ್ಡವರ ಪರೀಕ್ಷೆಯಲ್ಲಿ ಅದನ್ನು ಜಾಸ್ತಿ ಪ್ರಮಾಣದಲ್ಲಿ ಕೊಟ್ಟರು. ರಕ್ತಪರೀಕ್ಷೆಯ ಅಂಕಿ ಚೆನ್ನಾಗಿ ಇಳಿಯಿತು, ರೋಗಿಗಳು ಮಾತ್ರ ಕೆಟ್ಟರು. 2009ರಲ್ಲಿ ಅದು ಹೊರಗೆ ಬಂತು. ಹೋಲಿಸಿ ನೋಡದೇ ಇದ್ದಿದ್ದರೆ ರಿಪೋರ್ಟ್ ನೋಡಿ ಖುಷಿಪಡ್ತಾ ಕೊಡ್ತಾನೇ ಇರ್ತಿದ್ದರು.

ಮಲೆನಾಡ ವಕೀಲ:
ಕಾನೂನಿನ ಕಡೆಯಿಂದ ಎರಡು ಮಾತು. ನಮ್ಮಲ್ಲಿ 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಿವೆ. ಪರೀಕ್ಷೆಯಿಂದ ತೊಂದರೆ ಆದರೆ ಉಚಿತ ಚಿಕಿತ್ಸೆ ಕೊಡಬೇಕು, ಅದರಿಂದಲೇ ಆದದ್ದು ಅಂತ ತೀರ್ಮಾನವಾದರೆ ಪರಿಹಾರವನ್ನೂ ಕೊಡಬೇಕು. ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಶುರು ಮಾಡುವಂತಿಲ್ಲ. ಟ್ರಯಲ್ ಸಿಟಿಆರ್‌ಐ ಅನ್ನೋ ಸರ್ಕಾರಿ ಪಟ್ಟಿಯಲ್ಲಿ ದಾಖಲಾಗಿರಬೇಕು. 2009ರಿಂದ ಇದು ಕಡ್ಡಾಯ, ಯಾರು ಬೇಕಾದರೂ ತೆರೆದು ನೋಡಬಹುದು. ಡಾಕ್ಟರ ಹತ್ತಿರ ಆ ನೋಂದಣಿ ಸಂಖ್ಯೆ ಕೇಳಿ. ಕೊಡೋಕೆ ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ.

ಸಹಿ ಮಾಡಿದ ಮೇಲೂ ಯಾವಾಗ ಬೇಕಾದರೂ ಬಿಟ್ಟು ಬರಬಹುದು, ಬಿಟ್ಟಿದ್ದಕ್ಕೆ ಮಾಮೂಲಿ ಚಿಕಿತ್ಸೆ ತಪ್ಪಿಸುವಂತಿಲ್ಲ. ಮಗುವಿಗೆ ಏಳು ವರ್ಷ ಆಗಿದ್ದರೆ ಅದರ ಒಪ್ಪಿಗೆಯನ್ನೂ ಕೇಳಬೇಕು.

ಅಡಿಕೆ ಮಂಡಿ:
ಕಾಗದದ ಮೇಲೆ ಎಲ್ಲ ಚೆಂದ ವಕೀಲರೇ. ನನ್ನ ಪ್ರಶ್ನೆ ಒಂದೇ. ಪರೀಕ್ಷೆ ಮುಗಿದ ಮೇಲೆ? ಮಗುವಿಗೆ ತುರಿಕೆ ನಿಂತು ನಾಲ್ಕು ದಿನ ನಿದ್ದೆ ಬಂತು ಅನ್ನಿ. ಆಮೇಲೆ ಕಂಪನಿಯವರು ಬ್ಯಾಗ್ ಕಟ್ಟಿಕೊಂಡು ಹೋದರೆ? ಈ ಔಷಧಿಗೆ ಹೊರದೇಶದಲ್ಲಿ ಎಷ್ಟು ರೇಟಿದೆ ಅಂತ ನೋಡಿದ್ದೀರಾ? ನಮ್ಮ ತೋಟ ಮಾರಿದರೂ ಒಂದು ವರ್ಷಕ್ಕೆ ಆಗಲ್ಲ.

ಸಾಗರದವಳು:
ಇದು ಮಾತ್ರ ನೂರಕ್ಕೆ ನೂರು ಸರಿ. ಇಷ್ಟು ಹೊತ್ತು ನೀವು ಬರೆದಿದ್ದರಲ್ಲಿ ನನಗೆ ಒಪ್ಪಿಗೆ ಆಗಿದ್ದು ಇದೊಂದೇ.

ಮಲೆನಾಡ ವಕೀಲ:
ಅದಕ್ಕೂ ಅದೇ ನಿಯಮದಲ್ಲಿ ದಾರಿ ಇದೆ. ಬೇರೆ ಚಿಕಿತ್ಸೆ ಇಲ್ಲ, ಈ ಔಷಧಿಯಿಂದ ಒಳ್ಳೆಯದಾಗಿದೆ ಅಂತ ಪರೀಕ್ಷೆ ನಡೆಸಿದ ಡಾಕ್ಟರು ಶಿಫಾರಸು ಮಾಡಿ ನೈತಿಕ ಸಮಿತಿ ಒಪ್ಪಿದರೆ, ಮುಗಿದ ಮೇಲೂ ಕಂಪನಿ ಬಿಟ್ಟಿ ಕೊಡಬೇಕು. ಆದರೆ ಒಂದು ಕೊಕ್ಕೆ ಇದೆ. ಆಗ ಏನಾದರೂ ಆದರೆ ಕಂಪನಿ ಹೊಣೆಯಲ್ಲ ಅಂತ ನೀವು ಬರೆದುಕೊಡಬೇಕು. ಅದನ್ನು ಕೊನೆಗೆ ಕೇಳಬೇಡಿ, ಮೊದಲ ದಿನವೇ ಕೇಳಿ.

ಕಾಡುಹಾದಿ:
ಹಂದಿಗೋಡಿನವರಿಗೆ ಇದನ್ನು ಕೇಳುವ ಅವಕಾಶವೇ ಇರಲಿಲ್ಲ. ನನ್ನ ಸಿಟ್ಟು ಇಷ್ಟೇ. ಪರೀಕ್ಷೆ ಬೇಡ ಅನ್ನಲ್ಲ. ರಕ್ತ ಕೊಟ್ಟವರಿಗೆ ವಾಪಸ್ ಬಂದು ಏನಾಯ್ತು ಅಂತ ಹೇಳುವ ಸೌಜನ್ಯ ಬೇಕು.

ಗೋಪಾಳದವನು:
ಒಂದು ಒಳ್ಳೆ ಸುದ್ದಿ ಹೇಳ್ತೀನಿ, ಎಲ್ಲರೂ ತಲೆ ಬಿಸಿ ಮಾಡ್ಕೊಂಡಿದ್ದೀರಿ. 1998ರಲ್ಲಿ ದೆಹಲಿಯಲ್ಲಿ ಭಾರತದ ಮೊದಲ ಯಶಸ್ವಿ ಮಕ್ಕಳ ಲಿವರ್ ಕಸಿ ಆಯ್ತಲ್ಲ, ಆ ಮಗು ಬೆಳೆದು ಈಗ ಡಾಕ್ಟರ್ ಆಗಿದ್ದಾರೆ. ಅವರಿಗೂ ಬಿಲಿಯರಿ ಅಟ್ರೀಸಿಯಾ ಇತ್ತಂತೆ.

ಸಾಗರದವಳು:
ಗೊತ್ತು. ಆ ಪೇಪರ್ ಕಟಿಂಗ್ ನಮ್ಮ ಫ್ರಿಜ್ ಮೇಲಿದೆ.

ನೆಲನೆಲ್ಲಿ:
ನಾನು ಯಾರಿಗೂ ಆಸ್ಪತ್ರೆಗೆ ಹೋಗಬೇಡಿ ಅಂದಿಲ್ಲಪ್ಪ. ಅಜ್ಜಿ ನೆನಪಾಯ್ತು, ಬರೆದೆ.

ಹೊಸನಗರದ ಅಮ್ಮ:
ಹತ್ತು ದಿನ ಆಯ್ತು, ಸುದ್ದಿ ಹೇಳೋಣ ಅಂತ ಬಂದೆ. ಮುರುಗಲು ಅಕ್ಕ, ಪಾನಕ ಗೆದ್ದಿತು. ಸೀರೆ ಉಳಿಯಿತು. ತುರಿಕೆ ನಿಂತಿಲ್ಲ, ಆದರೆ ಮೊನ್ನೆ ರಾತ್ರಿ ಹನ್ನೊಂದರಿಂದ ಎರಡೂವರೆ ತನಕ ಒಂದೇ ಸಮ ಮಲಗಿದಳು. ನಾನೇ ಗಾಬರಿಯಾಗಿ ಎದ್ದು ಉಸಿರು ನೋಡಿದೆ.

ಬೆಂಗಳೂರಿಗೆ ಹೋಗಿದ್ದೆವು. ನಿಮ್ಮ ಪ್ರಶ್ನೆಗಳನ್ನೆಲ್ಲ ಮಗಳ ಕಾಪಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡಿದ್ದೆ. ನೋಂದಣಿ ಸಂಖ್ಯೆ ಇನ್ನೂ ಇಲ್ಲ, ಟ್ರಯಲ್ ಶುರುವಾದರೆ ಮೊದಲು ಅದನ್ನೇ ಕೊಡ್ತೀನಿ ಅಂದರು. ಹುಸಿ ಔಷಧಿ ಎಷ್ಟು ವಾರ ಅಂತ ಕೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು "ಇದನ್ನು ಯಾರು ಹೇಳಿಕೊಟ್ಟರು?" ಅಂದರು. ಅಡಿಕೆ ಮಂಡಿ ಅಣ್ಣ, ಮುಗಿದ ಮೇಲೇನು ಅನ್ನೋ ನಿಮ್ಮ ಪ್ರಶ್ನೆಗೆ ಅವರ ಹತ್ತಿರವೂ ಸರಿಯಾದ ಉತ್ತರ ಇರಲಿಲ್ಲ. ಬರಹದಲ್ಲಿ ಸಿಕ್ಕರೆ ಮಾತ್ರ ಸೇರಿಸ್ತೀವಿ ಅಂತ ಯಜಮಾನರೇ ಹೇಳಿದರು. ಅವರು ಬಾಯಿ ಬಿಟ್ಟಿದ್ದು ಅದೇ ಮೊದಲು.

ಬಸ್ಸಲ್ಲಿ ಬರುವಾಗ ಮಗಳು ಕೇಳಿದಳು, ಹೊಸದೂ ಪುಡಿನಾ ಅಂತ. ಅಲ್ಲ, ಸಿರಪ್ಪು ಅಂದೆ. "ಹಾಗಾದ್ರೆ ಆಗಬಹುದು" ಅಂದಳು. ಏಳು ವರ್ಷ ಆಗಿಲ್ಲ, ವಕೀಲರ ಲೆಕ್ಕಕ್ಕೆ ಬರಲ್ಲ.

ಅಡಿಕೆ ಮಂಡಿ:
ಬರಹದಲ್ಲಿ ಕೊಟ್ಟ ದಿನ ಇಲ್ಲಿ ಹಾಕು ತಂಗಿ, ಓದಬೇಕು. ಕಾಲುಚೀಲಕ್ಕೆ ನಮ್ಮ ಅಡಿಕೆ ಒಣಗಿಸುವ ಡ್ರೈಯರ್ ಖಾಲಿ ಇದೆ, ಸುಮ್ನೆ ಹೇಳ್ತಿಲ್ಲ.

ಮುರುಗಲು:
ಬೇಡ ಮಾರಾಯ್ತಿ, ಚೀಲವೆಲ್ಲ ಹೊಗೆ ವಾಸನೆ ಬರುತ್ತೆ.